ನನ್ನ ಡೈರಿಯ ಬಲಗಡೆ ಪುಟ ಬೇರೆಯವರಿಗೆ: ಯಾರನ್ನು, ಹೇಗೆ ಕೇಳಲಿ?

ಗಿರಣಿ ಓಣಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಪಿಯುಸಿಯಲ್ಲಿದ್ದಾಗ ಶುರುವಾದ ಡೈರಿ ಬರೆಯುವ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ. ಈ ವರ್ಷ ಅದನ್ನು ಸ್ವಲ್ಪ ಬೇರೆ ಥರ ಮಾಡಬೇಕು ಅಂತ ಮನಸ್ಸಾಗಿದೆ. ಎಡಗಡೆ ಪುಟ ನನ್ನದು, ಬಲಗಡೆ ಪುಟ ಬೇರೆಯವರದು. ಅವ್ವ, ತಮ್ಮ, ಅಪ್ಪನ ಜೊತೆ ದುಡಿದ ಕಾಕಾ ಒಬ್ಬರು, ಹಿಂದೆ ಮಂಡಕ್ಕಿ ಭಟ್ಟಿ ನಡೆಸುತ್ತಿದ್ದ ನಮ್ಮ ಓಣಿಯ ಅಜ್ಜಿ, ಇವರೆಲ್ಲರ ಮಾತು ನನ್ನ ಡೈರಿಯಲ್ಲಿ ಇರಬೇಕು.

ಯಾಕೆ ಅಂತ ಹೇಳುತ್ತೇನೆ. ಅಪ್ಪ ಹತ್ತಿ ಗಿರಣಿಯಲ್ಲಿ ಸ್ಪಿನ್ನಿಂಗ್ ಕೆಲಸದಲ್ಲಿದ್ದರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರು ಇನ್ನೂ ಇತ್ತು, ಗಿರಣಿಗಳು ಮಾತ್ರ ಒಂದೊಂದೇ ಬಾಗಿಲು ಹಾಕುತ್ತಿದ್ದವು. ನಮ್ಮದು ಮುಚ್ಚಿದ ವರ್ಷದ ಬಗ್ಗೆ ನನ್ನ ಹಳೇ ಡೈರಿಯಲ್ಲಿ ಪುಟಗಟ್ಟಲೆ ಇದೆ. ಅಪ್ಪ ಮಾತು ಬಿಟ್ಟರು, ಊಟ ಅರ್ಧಕ್ಕೇ ಏಳುತ್ತಿದ್ದರು, ಮನೆ ಮಸಣದ ಹಾಗಿತ್ತು ಅಂತೆಲ್ಲ. ಯುಗಾದಿಗೆ ಬಂದಿದ್ದ ತಮ್ಮನಿಗೆ ಆ ಪುಟ ಓದಿ ಹೇಳಿದೆ. "ಅಕ್ಕಾ, ಅಪ್ಪ ನನಗೆ ಸೈಕಲ್ ಕಲಿಸಿದ್ದು ಅದೇ ವರ್ಷ. ಪಾಳಿ ಇರಲಿಲ್ಲವಲ್ಲ, ದಿನಾ ಮಧ್ಯಾಹ್ನ ಹೈಸ್ಕೂಲ್ ಮೈದಾನಕ್ಕೆ ಕರ್ಕೊಂಡು ಹೋಗ್ತಿದ್ದರು. ಎಷ್ಟು ನಗ್ತಿದ್ದರು ಗೊತ್ತಾ" ಅಂದ. ಒಂದೇ ಮನೆ, ಒಂದೇ ವರ್ಷ. ಅಪ್ಪ ಈಗಿಲ್ಲ. ನಾನು ಬರೆದದ್ದು ಸುಳ್ಳಲ್ಲ, ಆದರೆ ಅವನು ಕಂಡದ್ದು ನನ್ನ ಡೈರಿಯಲ್ಲಿ ಇಲ್ಲವಲ್ಲ ಅಂತ ಬಹಳ ಸಂಕಟವಾಯಿತು.

ಕೇಳುವುದು ಹೇಗೆ ಅನ್ನೋದೇ ತೊಡಕು. "ಏನಾದರೂ ಬರೀರಿ" ಅಂದರೆ "ಶುಭವಾಗಲಿ" ಅಂತ ಬರೆದು ಸಹಿ ಹಾಕುತ್ತಾರೆ. ನನ್ನ ಹಳೇ ಪುಟ ಓದಲು ಕೊಡಬೇಕೇ? ನನಗೆ ನೋವಾಗುವಂಥದ್ದು ಬರೆದರೆ? ಇಂಥದ್ದು ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕಾಮನಬಾವಿ ಮೇಷ್ಟ್ರು, ಚಿತ್ರದುರ್ಗ

ಬಹಳ ಒಳ್ಳೇ ಯೋಚನೆ ತಾಯಿ. "ಏನಾದರೂ ಬರಿ" ಅಂದರೆ ಯಾರ ಕೈಯೂ ಓಡುವುದಿಲ್ಲ, ಅದು ನಿಜ. ಎಸ್ಸೆಸ್ಸೆಲ್ಸಿ ಮಕ್ಕಳು ಕೊನೆಗೆ ಆಟೋಗ್ರಾಫ್ ಪುಸ್ತಕ ಹಿಡಿದು ಬರುತ್ತಿದ್ದರು. ಎಲ್ಲರ ಪುಸ್ತಕದಲ್ಲೂ ಅದೇ ಪ್ರಾಸದ ನಾಲ್ಕು ಸಾಲು, ಅದೇ ಗುಲಾಬಿ ಹೂವಿನ ಚಿತ್ರ. ಒಬ್ಬ ಹುಡುಗ ಮಾತ್ರ ಪ್ರತಿ ಪುಟದ ತಲೆಗೆ ಒಂದೊಂದು ಪ್ರಶ್ನೆ ಬರೆದು ತಂದಿದ್ದ. ನನ್ನ ಪುಟದ ಮೇಲೆ ಇದ್ದದ್ದು: "ಸರ್, ನಾನು ಲೆಕ್ಕದಲ್ಲಿ ಫೇಲಾದ ದಿನ ನೀವು ನಮ್ಮ ಮನೆಗೆ ಬಂದು ಅಪ್ಪನ ಹತ್ತಿರ ಏನು ಹೇಳಿದಿರಿ?" ಸ್ಟಾಫ್ ರೂಮಿನಲ್ಲಿ ಕೂತು ಪುಟ ತುಂಬಾ ಬರೆದುಕೊಟ್ಟೆ. ಜಾಗ ಸಾಲದೆ ಅಂಚಿನಲ್ಲೂ ಬರೆದೆ. ಆ ಪ್ರಶ್ನೆಗೆ ಉತ್ತರ ನನ್ನೊಬ್ಬನ ಹತ್ತಿರ ಇತ್ತು, ಅದಕ್ಕೇ ಪೆನ್ನು ನಿಲ್ಲಲಿಲ್ಲ. ನೀವೂ ಹಾಗೆ ಕೇಳಿ. ಅವರೊಬ್ಬರೇ ಕಂಡದ್ದನ್ನು ಕೇಳಿ.

ಇದೇನು ಹೊಸ ಪದ್ಧತಿಯೂ ಅಲ್ಲ. ಜರ್ಮನಿಯ ಸಂಗೀತಗಾರ ರಾಬರ್ಟ್ ಶೂಮನ್, ಪಿಯಾನೋ ವಾದಕಿ ಕ್ಲಾರಾ 1840ರ ಸೆಪ್ಟೆಂಬರಿನಲ್ಲಿ ಮದುವೆಯಾದ ಕೂಡಲೇ ಇಬ್ಬರಿಗೂ ಸೇರಿ ಒಂದೇ ಡೈರಿ ಶುರು ಮಾಡಿದರು. ಒಂದು ವಾರ ಇವರು, ಒಂದು ವಾರ ಅವರು ಬರೆದು ಕೈ ಬದಲಾಯಿಸಿಕೊಳ್ಳಬೇಕು ಅಂತ ಕಟ್ಟುಪಾಡು. ಅದೇ ಕ್ಲಾರಾ ಚಿಕ್ಕವಳಿದ್ದಾಗ ಅವಳ ಡೈರಿಯನ್ನು ಅವಳಪ್ಪನೇ "ನಾನು, ನಾನು" ಅಂತ ಅವಳ ಬಾಯಲ್ಲಿ ಬರೆಯುತ್ತಿದ್ದ. ಮೊದಲನೆಯದು ಎಷ್ಟು ಚೆಂದವೋ ಎರಡನೆಯದು ಅಷ್ಟೇ ಘೋರ. ಆದ್ದರಿಂದ ಯಾರೇ ಬರೆಯಲಿ, ತಮ್ಮ ಹೆಸರಿನಲ್ಲಿ, ತಮ್ಮ "ನಾನು" ಇಟ್ಟುಕೊಂಡೇ ಬರೆಯಲಿ.

ನಮ್ಮ ದುರ್ಗದಲ್ಲೇ ವಕೀಲಿ ಮಾಡಿ, 2000ದಲ್ಲಿ ಇಲ್ಲೇ ಕೊನೆಯುಸಿರೆಳೆದ ಎಸ್. ನಿಜಲಿಂಗಪ್ಪನವರು ಡೈರಿ ಬರೆಯುತ್ತಿದ್ದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ಪಕ್ಷದ ಅಧ್ಯಕ್ಷರು ಅವರೇ. ಆ ಒಡಕಿನ ಚರಿತ್ರೆ ಬರೆದವರು ಅವರ ಡೈರಿಯನ್ನು ಆಧಾರವಾಗಿ ಎತ್ತಿಕೊಂಡಿದ್ದಾರೆ. ಓದುವಾಗೆಲ್ಲ ನನಗೆ ಅನ್ನಿಸುವುದು, ಆ ಸಂಜೆಗಳಲ್ಲಿ ಅವರ ಎದುರು ಕೂತಿದ್ದವರೂ ಅದೇ ಪುಟದಲ್ಲಿ ನಾಲ್ಕು ಸಾಲು ಬರೆದಿದ್ದರೆ ನಮಗೆ ಎಂಥ ಭಾಗ್ಯವಾಗುತ್ತಿತ್ತು ಅಂತ.

ತುಂಗಭದ್ರೆ ದಂಡೆ, ಹರಿಹರ

ಅಕ್ಕಾ, ನನ್ನದು ಬೇರೆ ಅಭಿಪ್ರಾಯ, ಬೇಜಾರು ಮಾಡ್ಕೋಬೇಡಿ. ಡೈರಿ ಅಂದರೆ ಯಾರೂ ನೋಡದ ಜಾಗ. ನಾಳೆ ಅವ್ವ ಪಕ್ಕದ ಪುಟದಲ್ಲಿ ಬರೀತಾರೆ ಅಂತ ಗೊತ್ತಿದ್ದರೆ ಇವತ್ತು ನನ್ನ ಪೆನ್ನು ತಾನಾಗಿಯೇ ನಯವಾಗುತ್ತೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗ ಇದೆಯಲ್ಲ, ಕಾಲೇಜು ಹುಡುಗರಿಗೆ ದಿನಕ್ಕೆ 15 ನಿಮಿಷದಂತೆ ಸತತ 4 ದಿನ ತಮ್ಮ ಜೀವನದ ದೊಡ್ಡ ನೋವಿನ ಬಗ್ಗೆ ಬರೆಯಲು ಹೇಳಿದ್ದು. ಘಟನೆಯ ಜೊತೆಗೆ ಮನಸ್ಸಿನಲ್ಲಿ ಆದದ್ದನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ದವಾಖಾನೆಗೆ ಹೋದದ್ದು ಕಡಿಮೆ. ನೆಂಟರು ಓದುತ್ತಾರೆ ಅಂದಿದ್ದರೆ ಅವರು ಹಾಗೆ ಬರೆಯುತ್ತಿದ್ದರಾ?

ನಾನು ಬಹಳ ಕಷ್ಟದ ಕಾಲವನ್ನು ಡೈರಿಯಿಂದಲೇ ದಾಟಿದವನು. ಆ ಪುಟಗಳ ಎದುರಿಗೆ ಬೇರೆಯವರ ಅಕ್ಷರ ಇದ್ದಿದ್ದರೆ ನನಗೆ ಉಸಿರು ಕಟ್ಟುತ್ತಿತ್ತು. ಅದಕ್ಕೇ ಹೇಳ್ತಿದೀನಿ, ನಿಮ್ಮ ಜಾಗ ಬಿಟ್ಟುಕೊಡಬೇಡಿ.

ಕಾಮನಬಾವಿ ಮೇಷ್ಟ್ರು, ಚಿತ್ರದುರ್ಗ

ತಮ್ಮಾ, ನೀನು ಹೇಳಿದ್ದು ಸರಿ. ರಷ್ಯಾದ ಕಾದಂಬರಿಕಾರ ಟಾಲ್‌ಸ್ಟಾಯ್ 1862ರಲ್ಲಿ ಮದುವೆಗೆ ಮುಂಚೆ ತನ್ನ ಹಳೇ ಡೈರಿಗಳನ್ನೆಲ್ಲ ಸೋಫಿಯಾ ಕೈಗೆ ಕೊಟ್ಟ. ಆಕೆಗಿನ್ನೂ 18 ವರ್ಷ. ಅದರಲ್ಲಿದ್ದ ಅವನ ಹಿಂದಿನ ಸಂಬಂಧಗಳ ವಿವರ ಓದಿ ಆದ ಗಾಯ ಆಕೆಗೆ ಮಾಯಲೇ ಇಲ್ಲ. ಆಮೇಲೂ ಒಬ್ಬರ ಡೈರಿ ಒಬ್ಬರು ಓದುವುದು ನಡೆದೇ ಇತ್ತು. ಕೊನೆಗೆ 1910ರಲ್ಲಿ, ಸಾಯುವ ವರ್ಷ, ಆತ ತನಗೊಬ್ಬನಿಗೇ ಅಂತ ಇನ್ನೊಂದು ಗುಟ್ಟಿನ ಡೈರಿ ಇಡಬೇಕಾಯಿತು.

ಹಾಗಾಗಿ ಎರಡು ಪುಸ್ತಕ ಇರಲಿ ಅಂತ ನನ್ನ ಸಲಹೆ. ಹಳೇ ಡೈರಿ ಬೀರುವಿನಲ್ಲೇ ಇರಲಿ. ಬೇರೆಯವರ ಕೈಗೆ ಕೊಡುವುದಕ್ಕೆ ಒಂದು ಹೊಸ ಪುಸ್ತಕ ತನ್ನಿ, ಎಡಗಡೆ ಪುಟಕ್ಕೆ ಹಳೇದರಿಂದ ಬೇಕಾದಷ್ಟನ್ನೇ ಇಳಿಸಿಕೊಳ್ಳಿ.

ತುಂಗಭದ್ರೆ ದಂಡೆ, ಹರಿಹರ

ಹಾಗಾದರೆ ಒಪ್ತೀನಿ ಸರ್. ಬೀಗ ಅಕ್ಕನ ಹತ್ತಿರ ಇರಬೇಕು ಅಷ್ಟೇ.

ಬಿಳಿ ಕೋಟು, ದಾವಣಗೆರೆ

ನಾನು ಐಸಿಯುನಲ್ಲಿ ಸ್ಟಾಫ್ ನರ್ಸ್. ಬೇರೆಯವರು ಬರೆದದ್ದೇ ಒಬ್ಬರ ಸ್ವಂತ ಡೈರಿಯಾಗುವುದನ್ನು ಕಣ್ಣಾರೆ ಕಂಡಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಕಡೆ ಐಸಿಯು ಡೈರಿ ಅಂತ ಒಂದು ರೂಢಿ ಇದೆ. ನರ್ಸುಗಳೇ ಬೆಳೆಸಿದ್ದು, ಈಗ ಬೇರೆ ದೇಶಗಳಿಗೂ ಹಬ್ಬಿದೆ. ವೆಂಟಿಲೇಟರ್ ಮೇಲೆ, ಮತ್ತಿನ ಔಷಧದಲ್ಲಿ ಇರುವ ರೋಗಿಗೆ ಆ ದಿನಗಳ ನೆನಪೇ ಇರುವುದಿಲ್ಲ. ಇದ್ದರೂ ಹೆದರಿಕೆಯ ಕನಸಿನಂಥ ತುಣುಕುಗಳು: ಯಾರೋ ಕಟ್ಟಿ ಹಾಕಿದರು, ಹಾಸಿಗೆ ನೀರಿನಲ್ಲಿ ಮುಳುಗುತ್ತಿತ್ತು, ಹೀಗೆ. ಮನೆಗೆ ಹೋದಮೇಲೂ ಅದು ಕಾಡುತ್ತದೆ. ಆದ್ದರಿಂದ ನರ್ಸುಗಳು, ಮನೆಯವರು ದಿನಾ ರೋಗಿಗೇ ಹೇಳುವ ಹಾಗೆ ನಾಲ್ಕು ಸಾಲು ಬರೆದಿಡುತ್ತಾರೆ. ಗುಣವಾದಮೇಲೆ ಅದು ಅವರ ಕೈಗೆ.

ನಮ್ಮ ಅತ್ತೆಯವರು ನ್ಯುಮೋನಿಯಾ ಆಗಿ ಐಸಿಯುನಲ್ಲಿದ್ದಾಗ ಒಂದು ನೂರು ಪುಟದ ನೋಟ್‌ಬುಕ್ ತಂದು ಹೊರಗಡೆ ಬೆಂಚಿನ ಮೇಲೆ ಇಟ್ಟೆ. ಪುಟದ ಮೇಲೆ ತಾರೀಕು, ಹೊತ್ತು, ಬರೆದವರ ಹೆಸರು. ಮಾವ, ನಾದಿನಿ, ಊರಿಂದ ಬಂದವರು, ಎಲ್ಲರೂ ಬರೆದರು. "ಇವತ್ತು ಬೆಳಿಗ್ಗೆ ನಿಮಗೆ ಜ್ವರ ಇಳಿದಿತ್ತು. ಮೈ ಒರೆಸುವಾಗ ಬಲಗೈ ಬೆರಳು ಆಡಿಸಿದಿರಿ." "ಎಮ್ಮೆ ಕರು ಹಾಕಿತು ಕಣೇ, ಹೆಣ್ಣು ಕರು. ಗಿಣ್ಣು ಓಣಿಗೆಲ್ಲ ಹಂಚಿದೆವು, ನಿನ್ನ ಪಾಲು ಇಡೋಕೆ ಬರೋದಿಲ್ಲವಲ್ಲ ಅಂತ ಬೇಜಾರು." ಎರಡನೆಯದು ಮಾವನವರದು. ಅತ್ತೆ ಮನೆಗೆ ಬಂದು ತಿಂಗಳಾದಮೇಲೆ ಓದಿಸಿಕೊಂಡರು. ಗಿಣ್ಣಿನ ಸಾಲು ಬಂದಾಗ ನಿಲ್ಲಿಸಿ ಇನ್ನೊಮ್ಮೆ ಓದಿಸಿದರು. ಈಗ ಯಾರು ಬಂದರೂ "ನನ್ನ ಡೈರಿ" ಅಂತಲೇ ತೆಗೆದು ತೋರಿಸುತ್ತಾರೆ. ಅದರಲ್ಲಿ ಅವರ ಕೈಯ ಒಂದಕ್ಷರವೂ ಇಲ್ಲ.

ಅಕ್ಕಾ, ಒಂದು ಅನುಭವದ ಮಾತು. ಬರೆಯುವವರಿಗೆ "ಚೆನ್ನಾಗಿ ಬರೀರಿ" ಅನ್ನಬೇಡಿ. ಏನು ನೋಡಿದಿರಿ, ಏನು ಕೇಳಿಸಿತು, ಏನು ತಿಂದಿರಿ, ಅಷ್ಟು ಕೇಳಿ. ಆಮೇಲೆ ಬೇಕಾದ್ದು ತಾನಾಗಿ ಬರುತ್ತದೆ.

ಗಿರಣಿ ಓಣಿ, ದಾವಣಗೆರೆ

ಓದಿ ಕಣ್ಣು ತುಂಬಿ ಬಂತು ಸಿಸ್ಟರ್. ಮೇಷ್ಟ್ರೇ, ಹೊಸ ಪುಸ್ತಕ ಇವತ್ತೇ ತರುತ್ತೇನೆ.

ನಮ್ಮ ಅವ್ವನಿಗೆ ಬರೆಯಲು ಬರುವುದಿಲ್ಲ, ಸಹಿ ಮಾತ್ರ ಮಾಡುತ್ತಾಳೆ. ಓಣಿಯ ಅಜ್ಜಿಗೆ ಅದೂ ಇಲ್ಲ. ಅವರ ಪುಟ ಹೇಗೆ ತುಂಬಿಸಲಿ? ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಸಾಕು ಅಂತಾನೆ ನನ್ನ ಮಗ.

ವಾಣಿವಿಲಾಸ ತೋಟ, ಹಿರಿಯೂರು

ಅಕ್ಕಾರೇ, ಇದು ನಮ್ಮ ಮನೇಲಿ ಮೊದಲಿಂದ ಐತೆ. ನಾನು ಮಳೆ ಡೈರಿ ಇಡೋನು. ರೋಹಿಣಿ ಹಿಡೀತಾ, ಆರಿದ್ರಾ ಬಂತಾ, ಶೇಂಗಾ ಯಾವತ್ತು ಬಿತ್ತಿದ್ವಿ, ಕೆರೆಗೆ ಎಷ್ಟು ನೀರು ಬಂತು, ಇಷ್ಟೇ. ನಮ್ಮ ಸೀಮೆ ಗೊತ್ತಲ್ಲ, ಒಂದು ಹೊಲದಾಗೆ ಹುಯ್ದ ಮಳೆ ಪಕ್ಕದ ಹೊಲಕ್ಕೆ ಇರಲ್ಲ. ನನ್ನೊಬ್ಬನ ಲೆಕ್ಕ ಹಿಡಿದು ಊರಿಗೆಲ್ಲ ಮಳೆ ಆತು ಅನ್ನೋಕೆ ಬರ್ತದಾ? ಅದಕ್ಕೇ ಮೂಡಲ ದಿಕ್ಕಿನ ಹೊಲದೋರು, ಹಳ್ಳದ ಆಚೆಯೋರು, ಅವರವರ ಮಳೆ ಅವರವರೇ ಬಂದು ಹೇಳಿ ಬರೆಸ್ತಾರೆ.

ಓದು ಬರಾ ಇಲ್ಲದೋರಿಗೆ ನಾನು ಮಾಡೋದು ಇದು. ಅವರು ಹೇಳಿದಂಗೇ ಬರಕೊಳ್ಳೋದು. "ಮಳೆ ಬಂತು" ಅಂತ ನನ್ನ ಮಾತಿಗೆ ತಿರುಗಿಸಲ್ಲ. "ಹದಾ ಮಳೆ", "ಜಡಿ ಹಿಡೀತು", "ದೂಳು ಅಡಗಾಕೆ ಸಾಕಾತು" ಅಂದ್ರೆ ಹಂಗೇ ಬರೀತೀನಿ. ಆಮೇಲೆ ಗಟ್ಟಿಯಾಗಿ ಓದಿ ಹೇಳ್ತೀನಿ. "ಹಂಗಲ್ಲ ಕಣಪ್ಪ" ಅಂದ್ರೆ ಹೊಡೆದು ಹಾಕಿ ಪಕ್ಕದಾಗೆ ಬರಿಯೋದು. ಸರಿ ಅಂದಮೇಲೆ ಹೆಬ್ಬೆಟ್ಟು. ಹೆಬ್ಬೆಟ್ಟು ಯಾಕೆ ಅಂತ ಕೇಳ್ತಾರೆ ಕೆಲವರು. ಬ್ಯಾಂಕು, ನಾಡಕಚೇರಿ ಎಲ್ಲಾ ಕಡೆ ಸಾಲಕ್ಕೆ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಮುದುಕಿ, ತನ್ನ ಸ್ವಂತ ಮಾತಿನ ಕೆಳಗೆ ಒತ್ತುವಾಗ ಬೆರಳನ್ನ ಸೀರೆ ಸೆರಗಿಗೆ ಒರೆಸಿಕೊಂಡು ನೆಟ್ಟಗೆ ಕೂತ್ಕೊಂತಾಳೆ. ಅದನ್ನ ನೋಡಬೇಕು ನೀವು.

2022ರ ಸೆಪ್ಟೆಂಬರಾಗೆ ಮಾರಿಕಣಿವೆ ಡ್ಯಾಮು ಕೋಡಿ ಬಿತ್ತಲ್ಲ, 1933 ಆದಮೇಲೆ ಅದೇ ಮೊದಲು. ಡ್ಯಾಮಿನ ಪೂರ್ತಿ ಮಟ್ಟ 130 ಅಡಿ. ಅವತ್ತು ನಾನು ಡೈರಿನೇ ಕೋಡಿ ಹತ್ರ ತಗೊಂಡು ಹೋದೆ. ಸಿಕ್ಕಿದೋರಿಗೆಲ್ಲ ಒಂದೇ ಕೇಳಿದ್ದು: "ನಿಮ್ಮ ಮನೇಲಿ ಹಿಂದಿನ ಕೋಡಿ ಬಗ್ಗೆ ಯಾರು ಏನು ಹೇಳಿದ್ರು?" ಒಬ್ಬಮ್ಮ ಬರೆಸಿದ್ದು, "ನಮ್ಮಜ್ಜಿ ಬಸುರಿ ಇದ್ಲಂತೆ, ಕೋಡಿ ನೋಡಾಕೆ ಗಾಡಿ ಕಟ್ಟು ಅಂತ ಹಟ ಹಿಡಿದ್ಲಂತೆ, ಅತ್ತೆ ಬಿಡಲಿಲ್ಲಂತೆ. ಇವತ್ತು ಅಜ್ಜಿ ಹೆಸರಲ್ಲಿ ನಾನು ನೋಡ್ದೆ." ನಾನು ನೀರಿನ ಲೆಕ್ಕ ಬರಿಯೋಕೆ ಹೋದೋನು. ನನ್ನ ಡೈರಿಯಾಗೆ ಇದಕ್ಕಿಂತ ದೊಡ್ಡ ಪುಟ ಇಲ್ಲ.

ರೆಕಾರ್ಡೂ ಮಾಡ್ರಿ, ದನಿ ಉಳೀತದೆ. ಆದ್ರೆ ಫೋನ್ ಮುಂದೆ ಹಿಡಿದ್ರೆ ಹಿರೇರು ಭಾಷಣದ ದನಿ ತೆಗೀತಾರೆ. ಕಾಳು ಬಿಡಿಸೋವಾಗ, ಎಲೆ ಅಡಿಕೆ ಹಾಕ್ಕೊಂಡಿರೋವಾಗ ಕೇಳ್ರಿ. ಫೋನಿಟ್ಟಿರೋದು ಮಾತ್ರ ಮೊದಲೇ ಹೇಳಿ ಇಡ್ರಿ.

ಪಿ.ಜೆ. ಬಡಾವಣೆ ವಕೀಲ, ದಾವಣಗೆರೆ

ಮೇಡಂ, ಮುಂದೆ ಇದನ್ನು ಪುಸ್ತಕ ಮಾಡುವ ಯೋಚನೆ ಬಂದರೆ ಅಂತ ಒಂದು ವಿಷಯ ಹೇಳಿಬಿಡುತ್ತೇನೆ. ಪುಸ್ತಕ ನಿಮ್ಮದು, ಕಾಗದ ನಿಮ್ಮದು, ಆದರೆ ಅವರು ಬರೆದ ಬರಹದ ಹಕ್ಕು ಅವರದೇ. 1957ರ ಕೃತಿಸ್ವಾಮ್ಯ ಕಾಯಿದೆ ಪ್ರಕಾರ ಬರೆದವರೇ ಮೊದಲ ಹಕ್ಕುದಾರರು. ಅವರ ಜೀವಮಾನ, ಅವರು ತೀರಿಕೊಂಡ ಮೇಲೆ 60 ವರ್ಷ, ಆ ಹಕ್ಕು ಇರುತ್ತದೆ. ಅಚ್ಚು ಹಾಕಿಸುವುದಾದರೆ ಅವರ ಅಥವಾ ವಾರಸುದಾರರ ಒಪ್ಪಿಗೆ ಬೇಕು. ಆದ್ದರಿಂದ ಬರೆಸುವಾಗಲೇ ಪುಟದ ಕೆಳಗೆ ಒಂದು ಸಾಲು ಇರಲಿ: ಮನೆಯವರು ಮಾತ್ರ ಓದಬಹುದೋ, ಎಲ್ಲರಿಗೂ ತೋರಿಸಬಹುದೋ, ಅಚ್ಚು ಮಾಡಬಹುದೋ. ಸ್ಟಾಂಪ್ ಪೇಪರ್ ಏನೂ ಬೇಡ, ಅವರ ಕೈಯಲ್ಲೇ ಬರೆದು ಸಹಿ ಹಾಕಲಿ.

ಇನ್ನೊಬ್ಬರ ಬಗ್ಗೆ ಬರೆಯುವಾಗಲೂ ಎಚ್ಚರ ಬೇಕು. ಗಿರಣಿ ಮುಚ್ಚಿದ ಕಾಲದ ಸಿಟ್ಟು ಎಷ್ಟೋ ಮನೆಗಳಲ್ಲಿ ಇನ್ನೂ ಆರಿಲ್ಲ. ಮನೆ ಡೈರಿಯಲ್ಲಿ ಅದಕ್ಕೆ ಜಾಗ ಇರಲೇಬೇಕು, ಊರ ಮುಂದೆ ಇಡುವಾಗ ಮತ್ತೊಮ್ಮೆ ಓದಿ ನೋಡಬೇಕು.

ಗಿರಣಿ ಓಣಿ, ದಾವಣಗೆರೆ

ಎಲ್ಲರಿಗೂ ಒಂದು ಸುದ್ದಿ. ಕಾಕಾ ಬರೆದುಕೊಟ್ಟರು!

ನಾನು ಪುಟದ ಮೇಲೆ ಬರೆದಿದ್ದ ಪ್ರಶ್ನೆ: "ಪಾಳಿ ಬಿಟ್ಟಮೇಲೆ ಗೇಟಿನಿಂದ ಮನೆಗೆ ಬರುವವರೆಗೆ ನೀವೂ ಅಪ್ಪನೂ ಏನು ಮಾಡುತ್ತಿದ್ದಿರಿ?" ಪುಸ್ತಕ ಅವರ ಮನೆಯಲ್ಲೇ ಬಿಟ್ಟು ಬಂದಿದ್ದೆ. ಅವರ ಒಪ್ಪಿಗೆ ತೆಗೆದುಕೊಂಡೇ ಇಲ್ಲಿ ಸ್ವಲ್ಪ ಹಾಕುತ್ತಿದ್ದೇನೆ:

"ಹೊರಗ ಬಂದಾಗ ಮೀಸಿ, ಹುಬ್ಬು, ಕಿವಿ ಎಲ್ಲಾ ಬೆಳ್ಳಗ ಇರ್ತಿದ್ವು, ಹತ್ತಿ ಕೂತು. ನಾವೆಲ್ಲ ಹಂಗ ಚಾ ಅಂಗಡಿಗೆ ಹೋಗ್ತಿದ್ವಿ. ನಿಮ್ಮಪ್ಪ ಬರ್ತಿರಲಿಲ್ಲ. ನಳದ ಹತ್ರ ನಿಂತು ಟವೆಲ್ ಕೊಡವೋದು, ಅಂಗಿ ಬಿಚ್ಚಿ ಕೊಡವೋದು, ತಲಿ ಒರಸೋದು. ಎಷ್ಟು ಹೊತ್ತೋ ಮಾರಾಯ ಅಂದ್ರ, ಮಗಳಿಗೆ ಈ ಧೂಳು ಆಗಂಗಿಲ್ಲ, ಸೀನ್ತಾಳ ಅನ್ನಾಂವ. ಚಳಿಗಾಲದಾಗೂ ಬಿಡಲಿಲ್ಲ."

ಇದು ನನಗೆ ಗೊತ್ತೇ ಇರಲಿಲ್ಲ. ಅಪ್ಪ ಬೇರೆಯವರಿಗಿಂತ ತಡವಾಗಿ ಮನೆಗೆ ಬರುತ್ತಾರೆ ಅಂತ ಅವ್ವ ಗೊಣಗುತ್ತಿದ್ದದ್ದು ನನ್ನ ಡೈರಿಯಲ್ಲಿ ಇದೆ. ಎಡಗಡೆ ಪುಟಕ್ಕೆ ಅದನ್ನೇ ಇಳಿಸಿದ್ದೇನೆ, ಒಂದಕ್ಷರ ಬದಲಾಯಿಸಿಲ್ಲ.

ಬಿಳಿ ಕೋಟು, ದಾವಣಗೆರೆ

ಅವ್ವನಿಗೆ ಓದಿ ಹೇಳಿದಿರಾ ಅಕ್ಕಾ?

ಗಿರಣಿ ಓಣಿ, ದಾವಣಗೆರೆ

ಹೇಳಿದೆ ಸಿಸ್ಟರ್. ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ "ನಂಗೂ ಒಂದು ಪುಟ ಕೊಡು, ನಾನು ಹೇಳೋದೂ ಐತಿ" ಅಂದಳು. ಹಿರಿಯೂರಿನ ಅಣ್ಣ ಹೇಳಿದ ಹಾಗೆ ಅವಳ ಮಾತಲ್ಲೇ ಬರೆದುಕೊಳ್ಳುತ್ತಿದ್ದೇನೆ. ಕೆಲವು ಕಡೆ ನನ್ನ ಬಗ್ಗೆ ಖಾರವಾಗಿಯೇ ಹೇಳಿದ್ದಾಳೆ. ತಮ್ಮನ ಕಾಲೇಜು ಫೀಸಿಗೆ ತನ್ನ ಬಳೆ ಅಡವಿಟ್ಟಾಗ ನಾನು ಒಂದು ಮಾತೂ ಕೇಳಲಿಲ್ಲ ಅಂತ. ಆ ವಿಷಯ ನನ್ನ ತನಕ ಬಂದೇ ಇರಲಿಲ್ಲ. ಅವಳು ಹೇಳಿದ್ದು ಹಾಗೇ ಇರುತ್ತದೆ. ನಾನು ಹೇಳಬೇಕಾದ್ದನ್ನು ಮುಂದಿನ ಎಡಗಡೆ ಪುಟದಲ್ಲಿ, ನನ್ನ ಹೆಸರಲ್ಲಿ ಬರೆಯುತ್ತೇನೆ.

ತುಂಗಭದ್ರೆ ದಂಡೆ, ಹರಿಹರ

ಅಕ್ಕಾ, ನಾನು ಮೊದಲು ಹೇಳಿದ್ದು ಈಗಲೂ ಹೇಳ್ತೀನಿ, ಬೀರುವಿನ ಡೈರಿ ನಿಲ್ಲಿಸಬೇಡಿ. ಬಳೆ ವಿಷಯ ಕೇಳಿ ನಿಮಗೆ ಆ ರಾತ್ರಿ ಏನನ್ನಿಸಿತೋ ಅದು ಅಲ್ಲಿ ಇರಲಿ. ಆದರೆ ಕಾಕಾ ಬರೆದದ್ದು ಓದಿದಮೇಲೆ ನನಗೂ ಒಬ್ಬರನ್ನು ಕೇಳಬೇಕು ಅನ್ನಿಸಿದೆ. ಕಷ್ಟದ ಕಾಲ ಅಂದೆನಲ್ಲ, ಆಗ ನನ್ನ ರೂಮಿನಲ್ಲಿದ್ದ ಗೆಳೆಯ. ಅವನಿಗೆ ಏನು ಕಾಣಿಸುತ್ತಿತ್ತೋ ನಾನು ಒಂದು ದಿನವೂ ಕೇಳಿಲ್ಲ.

ಕಾಮನಬಾವಿ ಮೇಷ್ಟ್ರು, ಚಿತ್ರದುರ್ಗ

ಕೇಳಪ್ಪ, ಖಂಡಿತ ಕೇಳು. ತಡ ಮಾಡಬೇಡ.

ತಾಯಿ, ಕಾಗದದ ವಿಷಯ ಸ್ವಲ್ಪ. ಹಿಂದೆ ಶಾನುಭೋಗರ ಕಡತ ಅಂತ ಇರುತ್ತಿತ್ತು. ಬಟ್ಟೆಗೆ ಹುಣಸೆ ಬೀಜದ ಸರಿ, ಇದ್ದಿಲು ಬಳಿದು ಒಣಗಿಸಿ, ಮಡಿಕೆ ಮಾಡಿ, ಬಳಪದಲ್ಲಿ ಬರೆಯುವುದು. ಒರೆಸಿ ಮತ್ತೆ ಬರೆಯಬಹುದಿತ್ತು. ಲೆಕ್ಕಕ್ಕೆ ಅದು ಸರಿ, ನಿಮ್ಮ ಪುಸ್ತಕ ಹಾಗಾಗಬಾರದು. ನೀರು ಬಿದ್ದರೆ ಹರಡುವ ಶಾಯಿ ಬೇಡ. ಹೊಲಿಗೆ ಹಾಕಿದ, ದಪ್ಪ ಹಾಳೆಯ ರಿಜಿಸ್ಟರ್ ತೆಗೆದುಕೊಳ್ಳಿ. ಫೋಟೋ, ಹಳೇ ಪಾಳಿ ಚೀಟಿ ಇದ್ದರೆ ಸೆಲ್ಲೋ ಟೇಪ್ ಹಚ್ಚಬೇಡಿ, ಕಂದು ಕಲೆ ಬೀಳುತ್ತದೆ. ಗುಂಡುಪಿನ್ ತುಕ್ಕು ಹಿಡಿಯುತ್ತದೆ. ಕಾಗದದ ಲಕೋಟೆ ಮಾಡಿ ಅದರೊಳಗೆ ಇಡಿ. ಅಂಗಡಿ ಮೆಷಿನ್ ಬಿಲ್ಲುಗಳ ಅಕ್ಷರ ಮಾಸಿಹೋಗುತ್ತದೆ, ಬೇಕಾದ್ದನ್ನು ಜೆರಾಕ್ಸ್ ಮಾಡಿಸಿಬಿಡಿ.

ವಾಣಿವಿಲಾಸ ತೋಟ, ಹಿರಿಯೂರು

ಗೆದ್ದಲಿಗೂ ನೋಡ್ಕಳ್ರಿ. ಗೋಡೆಗೆ ತಾಗಿಸಿ ಇಡಬ್ಯಾಡ್ರಿ.

ಗಿರಣಿ ಓಣಿ, ದಾವಣಗೆರೆ

ಎಲ್ಲಾ ಗುರುತು ಹಾಕಿಕೊಂಡೆ. ಮುಂದಿನ ಪುಟ ಓಣಿಯ ಅಜ್ಜಿಯದು. ಈಗ ಇಷ್ಟು ಪ್ರಶ್ನೆ ಇದೆ ನನ್ನ ಹತ್ತಿರ: ಭಟ್ಟಿಯಲ್ಲಿ ಮರಳು ಹದವಾಗಿ ಕಾದಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತಿತ್ತು? ಗಿರಣಿ ಮುಚ್ಚಿದ ವರ್ಷ ನಮ್ಮ ಓಣಿಯಲ್ಲಿ ಯಾರ್ಯಾರಿಗೆ ಉದ್ರಿ ಕೊಟ್ಟಿರಿ, ಯಾರು ತೀರಿಸಿದರು, ಯಾರನ್ನು ನೀವೇ ಬಿಟ್ಟಿರಿ? ನಮ್ಮ ಅಪ್ಪನ ಲೆಕ್ಕ ಇತ್ತಾ?

ಇನ್ನೇನಾದರೂ ಕೇಳಬೇಕು ಅಂತ ಯಾರಿಗಾದರೂ ಹೊಳೆದರೆ ಭಾನುವಾರದೊಳಗೆ ಹೇಳಿ. ಸೋಮವಾರ ಅಜ್ಜಿ ಮಗಳ ಮನೆಗೆ ರಾಣೆಬೆನ್ನೂರಿಗೆ ಹೋಗುತ್ತಾರೆ, ಬರುವುದು ದಸರೆ ಕಳೆದಮೇಲೆಯೇ.